ಹತ್ತಿ ಬಿಡಿಸೋ ಕೈಗೆ ಟ್ಯಾಬ್ ಯಾಕ್ರೀ?

‘ಆ ಕಡೆಯವರಿಗೆ ಓದಿನ ಬೆಲೆನೇ ಗೊತ್ತಿಲ್ಲ.’ ಯಾದಗಿರಿ ಅಂದ ಕೂಡಲೇ ಬೆಂಗಳೂರಿನ ಆಫೀಸುಗಳಲ್ಲಿ ಬರೋ ಮಾತಿದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು 52%, ರಾಜ್ಯಕ್ಕೇ ಕೊನೆ. ರಾಜ್ಯದ ಸರಾಸರಿ 75%. ಅಂಕಿ ನಿಜ, ನೀವು ಕೊಡೋ ಕಾರಣ ಸುಳ್ಳು.

ನಾರಾಯಣಪುರ ಡ್ಯಾಮಿನ ನೀರು ಶಹಾಪುರ, ಸುರಪುರದ ಹೊಲಗಳಿಗೆ ಹರಿದು ದಶಕಗಳಾದವು. ಭತ್ತ, ಹತ್ತಿ ಬೆಳೆದವು. ಆದರೆ ಹತ್ತಿ ಒಡೆದಾಗ ಬಿಡಿಸೋಕೆ ಅಗ್ಗದ ಕೈ ಬೇಕು. ಸಾಲಿ ಖಾಲಿಯಾಗೋದು ಆಗಲೇ. ನೀರು ಮುಟ್ಟದ ಊರಿನವರು ಮಕ್ಕಳನ್ನೂ ಕಟ್ಟಿಕೊಂಡು ಗುಳೆ ಹೋಗ್ತಾರೆ. ಎಲ್ಲಿಗೆ? ನೀವು ಇಎಂಐ ಕಟ್ಟೋ ಅಪಾರ್ಟ್‌ಮೆಂಟಿನ ಗಾರೆ ಕೆಲಸಕ್ಕೆ.

ಓದಿದರೆ ಬಡತನ ಹೋಗುತ್ತೆ ಅಂತೀರಿ. ಸರಿ, ಆದರೆ ಓದೋಕೆ ಮೊದಲು ಮಗುವಿನ ಆ ದಿನದ ಕೂಲಿ ಬಿಡಬೇಕಲ್ಲ? 371(ಜೆ) ನಮಗೆ ಸೀಟು, ನೌಕರಿ ಮೀಸಲಿಟ್ಟಿತು. ಒಳ್ಳೇದೇ. ಐದನೇ ಕ್ಲಾಸಿಗೇ ಸಾಲಿ ಬಿಟ್ಟವರಿಗೆ ಯಾವ ಸೀಟು?

ಸಿಎಸ್‌ಆರ್ ಹೆಸರಲ್ಲಿ ಟ್ಯಾಬ್ ಹಂಚಿ ಸೆಲ್ಫಿ ಹೊಡ್ಕೊಂಡಿದ್ದು ಸಾಕು. ಅಪ್ಪ-ಅವ್ವ ಗುಳೆ ಹೋದರೂ ಮಕ್ಕಳು ಊರಲ್ಲೇ ಉಳಿಯೋಕೆ ಹಾಸ್ಟೆಲ್ ಕೇಳಿ. ಸಾಲಿಗೆ ಮಾಸ್ತರನ್ನ ಕೇಳಿ. ನಿಮ್ಮ ಬಿಲ್ಡರ್ ಕೂಲಿ ಎಷ್ಟು ಕೊಡ್ತಾನೆ, ಅದನ್ನೂ ಕೇಳಿ. ಆಮೇಲೆ ನಮಗೆ ಓದಿನ ಬೆಲೆ ಹೇಳಿಕೊಡಿ.