ಎಪ್ಪತ್ತು ಗಂಟೆಯ ಉಪದೇಶ

2023ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಗಳವರು, ನಮ್ಮ ದೇಶದ ತರುಣರು ವಾರಕ್ಕೆ 70 ಗಂಟೆಗಳ ಕಾಲ ದುಡಿಯಬೇಕೆಂದು ಉಪದೇಶವಿತ್ತರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪೆನಿಯ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿ, ಭಾನುವಾರದಲ್ಲಿಯೂ ನೌಕರರನ್ನು ದುಡಿಸಲಾಗದುದಕ್ಕೆ ವ್ಯಸನಪಟ್ಟರೆಂಬ ಸಂಗತಿಯು ಪ್ರಕಟವಾಯಿತು. ಇದು ಬೆಂಗಳೂರಿನ ವಿಚಾರ, ದುರ್ಗದವರಿಗೇಕೆಂದು ಯಾರೂ ಕೇಳಬಾರದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮಗನನ್ನೋ ಮಗಳನ್ನೋ ಸಾಫ್ಟ್‌ವೇರ್ ಕಂಪೆನಿಗೆ ಕಳುಹಿಸದ ಬೀದಿಯು ಈಗ ಅಪರೂಪ. ಭಾನುವಾರ ರಾತ್ರಿ ಹೆದ್ದಾರಿಯಲ್ಲಿ ಬೆಂಗಳೂರಿಗೆ ತೆರಳುವ ಬಸ್ಸುಗಳನ್ನು ನೋಡಿದವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಡ.

ಪೂರ್ವಪಕ್ಷವನ್ನು ಲೋಪವಿಲ್ಲದೆ ಹೇಳಿ ಅನಂತರ ಉತ್ತರಕ್ಕೆ ತೊಡಗುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಪೂರ್ವಪಕ್ಷಿಗಳು ಹೇಳುವುದೇನು? ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಜರ್ಮನಿ ಜಪಾನುಗಳು ಜನರ ಅಧಿಕ ಶ್ರಮದಿಂದಲೇ ಮೇಲೆದ್ದುವು. ನಾವೂ ಹಾಗೆಯೇ ಏಳಬೇಕು. ಉಪದೇಶ ಮಾಡಿದವರು ತಾವೇ ಅಂತಹ ಶ್ರಮದಿಂದ ಮೇಲೆ ಬಂದವರು. ದುಡಿಮೆಯೆಂಬುದು ಕಾಯಕ, ಕಾಯಕಕ್ಕೆ ಗಡಿಯಾರವೇಕೆ? ಕೊನೆಯದಾಗಿ, ಒಳ್ಳೆಯ ಸಂಬಳಕ್ಕೆ ಒಪ್ಪಿ ಬಂದವರು ದೂರುವುದು ತರವಲ್ಲ. ಈ ನಾಲ್ಕು ಮಾತುಗಳೂ ಮೇಲ್ನೋಟಕ್ಕೆ ರಮ್ಯವಾಗಿವೆ. ಒಂದೊಂದನ್ನೇ ಪರೀಕ್ಷಿಸೋಣ.

ಸ್ವಂತ ಶ್ರಮದ ನಿದರ್ಶನವನ್ನು ಮೊದಲು ತೆಗೆದುಕೊಳ್ಳೋಣ. ಹೊಸದುರ್ಗದ ತೆಂಗಿನ ತೋಟದ ರೈತನು ನಡುರಾತ್ರಿ ತ್ರೀಫೇಸ್ ಕರೆಂಟು ಬಂದೊಡನೆ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳುಗಳಿಗೆ ಅಂಜದೆ ಪಂಪಿನ ಬಳಿಗೆ ಹೋಗುತ್ತಾನೆ. ಅವನನ್ನು ಯಾರೂ ಗಂಟೆ ಎಣಿಸಿ ಎಬ್ಬಿಸಲಿಲ್ಲ. ಮರವೂ ಅವನದು, ಫಲವೂ ಅವನದು. ಆದರೆ ಅದೇ ರೈತನು ಕೂಲಿಯಾಳನ್ನು ಕರೆದಾಗ, ಹೊತ್ತು ಮುಳುಗಿದ ಮೇಲೆ ಅವನನ್ನು ನಿಲ್ಲಿಸಿಕೊಳ್ಳಲು ನಾಚುತ್ತಾನೆ. ನಿಲ್ಲಿಸಿಕೊಂಡರೆ ಮೇಲ್ಗೂಲಿ ಕೊಡುತ್ತಾನೆ. 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ಸನ್ನು ಸ್ಥಾಪಿಸಿದವರು ತಮ್ಮ ತೋಟಕ್ಕೆ ತಾವೇ ನೀರು ಹಾಯಿಸಿದರು. ಇಂದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳಕ್ಕೆ ದೊಡ್ಡ ಕಂಪೆನಿಗಳನ್ನು ಸೇರುವ ಹೊಸಬರು ಅನ್ಯರ ತೋಟದ ಆಳುಗಳು. ಒಡೆಯನ ಉತ್ಸಾಹವನ್ನು ಆಳಿನಿಂದ ಬಯಸುವವರು ಒಡೆತನದಲ್ಲಿಯೂ ಆಳಿಗೆ ಪಾಲು ಕೊಡಲಿ.

ಇನ್ನು ದೇಶಾಭಿವೃದ್ಧಿಯ ಮಾತು. ಪರಾಧೀನವಾಗಿದ್ದ ಭಾರತದಲ್ಲಿ ಏನಿತ್ತೆಂಬುದನ್ನು ಸ್ವಲ್ಪ ನೆನೆಯೋಣ. 1919ರ ಅಂತಾರಾಷ್ಟ್ರೀಯ ಒಪ್ಪಂದವು ಕಾರ್ಖಾನೆಯ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿದಾಗ, ಭಾರತಕ್ಕೆ ಮಾತ್ರ 60 ಗಂಟೆಗಳೆಂದು ಪ್ರತ್ಯೇಕ ನಿಯಮವಾಯಿತು. 1922ರ ಕಾಯಿದೆಯು ಇದನ್ನೇ ಸ್ಥಿರಪಡಿಸಿತು. 1934ರಲ್ಲಿ ಅದು 54ಕ್ಕೆ ಇಳಿಯಿತು. ಡಾ. ಅಂಬೇಡ್ಕರರು ವೈಸರಾಯರ ಕಾರ್ಯಾಂಗ ಪರಿಷತ್ತಿನಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದ ಕಾಲದಲ್ಲಿ ನಡೆದ ಯತ್ನದ ಫಲವಾಗಿ 1946ರಲ್ಲಿ 48 ಆಯಿತು. ಸ್ವತಂತ್ರ ಭಾರತದ 1948ರ ಕಾಯಿದೆಯು ಅದನ್ನು ಎತ್ತಿಹಿಡಿಯಿತು. ಅಂದಮೇಲೆ, ಆಂಗ್ಲ ಪ್ರಭುತ್ವವೇ 1922ರಲ್ಲಿ ಗಿರಣಿಯಾಳಿಗೆ ಅಧಿಕವೆಂದು ಬಗೆದುದನ್ನು ಸ್ವತಂತ್ರ ಭಾರತದ ಶ್ರೀಮಂತರು ಪದವೀಧರರಿಗೆ ದೇಶಸೇವೆಯೆಂದು ಬೋಧಿಸುತ್ತಿದ್ದಾರೆ. ನೂರು ವರ್ಷಗಳ ಹಿಂದಕ್ಕೂ ಆಚೆಗೆ ನಡೆಯುವುದನ್ನು ಮುನ್ನಡೆಯೆನ್ನಲು ಯಾವ ನಿಘಂಟಿನ ಆಧಾರವಿದೆ?

ಕಾಯಕದ ಹೆಸರೆತ್ತುವವರು ಶರಣರ ಚರಿತ್ರೆಯನ್ನು ಪೂರ್ತಿಯಾಗಿ ಓದಲಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಕಾಯಕತತ್ತ್ವದಲ್ಲಿ ಶ್ರಮದ ಗೌರವವೆಷ್ಟೋ ಆಸೆಯ ಮಿತಿಯೂ ಅಷ್ಟೇ. ಮೊದಲರ್ಧವನ್ನು ನೌಕರನಿಗೆ ಬೋಧಿಸಿ, ಎರಡನೆಯರ್ಧವನ್ನು ತಮ್ಮ ಲೆಕ್ಕಪತ್ರಗಳಿಗೆ ಅನ್ವಯಿಸದವರಿಗೆ ಲಕ್ಕಮ್ಮನ ಮನೆಯಲ್ಲಿ ಪ್ರವೇಶವಿಲ್ಲ.

ಒಪ್ಪಿ ಬಂದವರು ದೂರಬಾರದೆಂಬ ಮಾತಿಗೆ, ಒಪ್ಪಿದುದು ಯಾವುದಕ್ಕೆಂದು ಕೇಳುವೆವು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳೆಂದು ವಿಧಿಸಿತು. ನೇಮಕದ ಕಾಗದದಲ್ಲಿರುವುದೂ ಪ್ರಾಯಶಃ ಅಷ್ಟೇ. ಆದರೆ ನಮ್ಮಲ್ಲಿ ಓದಿಹೋದ ಹುಡುಗರು ಹೇಳುವುದೇ ಬೇರೆ. ಅಮೆರಿಕದಲ್ಲಿ ಬೆಳಗಾದಾಗ ಇಲ್ಲಿ ಊಟದ ತಟ್ಟೆಯನ್ನು ಬಿಟ್ಟು ಮೀಟಿಂಗಿಗೆ ಕೂರಬೇಕು. ಹೊಳಲ್ಕೆರೆಯ ಕಡೆಯ ಒಬ್ಬ ಶಿಷ್ಯನು ತಂಗಿಯ ಮದುವೆಯಲ್ಲಿ ಧಾರೆಯ ಮುಹೂರ್ತದ ಹೊತ್ತಿಗೆ ಛತ್ರದ ಉಗ್ರಾಣದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದನು. ಹಿರಿಯೂರಿನ ಒಬ್ಬ ಹೆಣ್ಣುಮಗಳು ಕೆಲಸ ಒಪ್ಪಿಸದೆ ‘ಬೆಂಚಿನ ಮೇಲೆ’ ಇರಿಸಿದ ಮೂರು ತಿಂಗಳುಗಳನ್ನು, ಕೆಲಸದ ಹೊರೆಯಿದ್ದ ದಿನಗಳಿಗಿಂತ ಹೆಚ್ಚಿನ ಭಯದಿಂದ ಕಳೆದೆನೆಂದಳು. ಇವರಾರೂ ಸೋಮಾರಿಗಳಲ್ಲ. ಇವರ ಗಂಟೆಗಳು ಯಾವ ಪುಸ್ತಕದಲ್ಲಿಯೂ ಜಮೆಯಾಗುವುದಿಲ್ಲವೆಂಬುದೇ ದೂರು.

ಲೆಕ್ಕವನ್ನೂ ನೋಡೋಣ. ವಾರಕ್ಕೆ 168 ಗಂಟೆಗಳು. 70 ಕಚೇರಿಗೆ, ದಿನಕ್ಕೆ ಏಳರಂತೆ 49 ನಿದ್ರೆಗೆ, ಬೆಂಗಳೂರಿನ ರಸ್ತೆಗಳಲ್ಲಿ ಆರು ದಿನ ಎರಡೆರಡರಂತೆ 12. ಉಳಿದುದು 37; ದಿನಕ್ಕೆ ಐದೂಕಾಲು ಗಂಟೆ. ಸ್ನಾನ, ಊಟ, ಅಡಿಗೆ, ಮಕ್ಕಳು, ರೋಗಿಯಾದ ತಾಯಿ, ಒಂದು ಪುಟದ ಓದು, ಎಲ್ಲವೂ ಇದರಲ್ಲಿ ಅಡಗಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಕೂಡಿ ಪ್ರಕಟಿಸಿದ ಅಧ್ಯಯನವು, ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಮೀರಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಶೇಕಡ 35ರಷ್ಟು, ಹೃದ್ರೋಗದ ಮರಣದ ಅಪಾಯವು ಶೇಕಡ 17ರಷ್ಟು ಅಧಿಕವೆಂದು ತಿಳಿಸಿತು. 70ನ್ನು ಉಪದೇಶಿಸುವವರು ಈ ಅಂಕಿಗಳಿಗೂ ಉತ್ತರ ಹೇಳಬೇಕು. 2025ರಲ್ಲಿ ಇನ್ಫೋಸಿಸ್ ಸಂಸ್ಥೆಯೇ ಮನೆಯಿಂದ ದುಡಿಯುವ ತನ್ನ ನೌಕರರಿಗೆ, ನಿಯತ ಗಂಟೆಗಳನ್ನು ಮೀರಬೇಡಿರೆಂದು ಎಚ್ಚರಿಕೆಯ ಓಲೆ ಕಳುಹಿಸುತ್ತಿರುವುದಾಗಿ ಪತ್ರಿಕೆಗಳು ವರದಿಮಾಡಿದುವು. ಸ್ಥಾಪಕರ ಉಪದೇಶವನ್ನು ಅವರ ಸಂಸ್ಥೆಯೇ ಪಾಲಿಸಲಾರದಾದರೆ ಅದನ್ನು ದೇಶಕ್ಕೆ ಹಂಚುವುದೇಕೆ?

ನಿಷ್ಠೆಯನ್ನು ಕೇಳುವವರು ನಿಷ್ಠೆಯನ್ನು ಕೊಡುವರೆ? 2022ರಲ್ಲಿ ಪದವಿ ಪಡೆದು, ಕರೆಗಾಗಿ ಎರಡು ವರ್ಷ ಕಾದು, 2024ರಲ್ಲಿ ಸೇರಿದ ಮುನ್ನೂರಕ್ಕೂ ಮಿಕ್ಕ ಶಿಕ್ಷಣಾರ್ಥಿಗಳನ್ನು ಇನ್ಫೋಸಿಸ್ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಮೈಸೂರಿನಿಂದ ಬೀಳ್ಕೊಟ್ಟಿತು. ಮೂರು ಬಾರಿ ಅವಕಾಶವಿತ್ತರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದೂ, ಕರಾರಿನಂತೆ ನಡೆದೆವೆಂದೂ ಸಂಸ್ಥೆ ಹೇಳಿತು. ಅದೇ ವರ್ಷ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕಂಪೆನಿಯು ತನ್ನ ನೌಕರರಲ್ಲಿ ಶೇಕಡ 2, ಎಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಸಾರಿತು. ಕರಾರಿನಂತೆ ಬಿಡಿಸುವುದು ನ್ಯಾಯವಾದರೆ, ಕರಾರಿನಂತೆ 48 ಗಂಟೆಗೆ ಏಳುವುದೂ ನ್ಯಾಯವೇ. ಬಿಡಿಸುವಾಗ ಕರಾರು, ದುಡಿಸುವಾಗ ತಪಸ್ಸು ಎಂಬ ಎರಡು ತಕ್ಕಡಿಗಳನ್ನು ನಾವು ಒಪ್ಪಲಾರೆವು.

ತಪಸ್ಸಿನ ಮಾತು ಬಂದುದರಿಂದ ಇದೊಂದನ್ನು ಹೇಳಬೇಕಾಗಿದೆ. ಸಂಸ್ಕೃತ ಪಾಠಶಾಲೆಯಲ್ಲಿ ಪ್ರತಿಪದೆ, ಅಷ್ಟಮಿ ಮೊದಲಾದ ತಿಥಿಗಳಲ್ಲಿ ಅನಧ್ಯಾಯ. ಗ್ರಹಣದಲ್ಲಿ ಅನಧ್ಯಾಯ, ಅಕಾಲದ ಗುಡುಗು ಸಿಡಿಲಿನಲ್ಲಿ ಅನಧ್ಯಾಯ, ಶಿಷ್ಟರು ಮನೆಗೆ ಬಂದರೂ ಅನಧ್ಯಾಯ. ವೇದಕ್ಕಿಂತ ಶ್ರೇಷ್ಠವಾದುದಿಲ್ಲವೆಂದು ನಂಬಿದವರೇ ವೇದಾಧ್ಯಯನಕ್ಕೆ ರಜೆಯನ್ನು ವಿಧಿಯಾಗಿ ಮಾಡಿದರು. ಅದು ಗುರುವಿನ ಕೃಪೆಯಲ್ಲ, ಶಾಸ್ತ್ರದ ನಿಯಮ. ವೇದಕ್ಕೇ ಬಿಡುವಿರುವಾಗ, ಯಾವುದೋ ಖಂಡದ ಬ್ಯಾಂಕಿನ ಲೆಕ್ಕಕ್ಕೆ ಬಿಡುವಿಲ್ಲವೆ?

ಸರ್ಕಾರವೂ ಈ ದೋಷದಿಂದ ಹೊರತಲ್ಲ. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಗಳವರೆಗೆ, 2025ರ ಜೂನಿನಲ್ಲಿ 12 ಗಂಟೆಗಳವರೆಗೆ ದುಡಿಸಲು ಅವಕಾಶವೀಯುವ ಪ್ರಸ್ತಾಪಗಳು ಕರ್ನಾಟಕದಲ್ಲಿ ಚರ್ಚೆಗೆ ಬಂದುವು. 2017ರಲ್ಲಿ ಹುಟ್ಟಿದ ಈ ಉದ್ಯೋಗಿಗಳ ಸಂಘವಾದ ‘ಕಿಟು’ ಅವನ್ನು ಪ್ರತಿಭಟಿಸಿತು. ಆ ಪ್ರತಿಭಟನೆಗೆ ನಮ್ಮ ನಾಲ್ಕು ತಾಲ್ಲೂಕುಗಳ ತಂದೆತಾಯಿಗಳ ದನಿಯೂ ಸೇರಬೇಕು. ಇಂತಹ ಪ್ರಸ್ತಾಪ ಮತ್ತೆ ತಲೆಯೆತ್ತಿದರೆ ನಮ್ಮ ಶಾಸಕರನ್ನು ಕೇಳಬೇಕು. ಪ್ರತಿಯೊಬ್ಬ ನೌಕರನ ದುಡಿಮೆಯ ಗಂಟೆಗಳು ಪರಿಶೀಲನೆಗೆ ಸಿಗುವಂತೆ ದಾಖಲಾಗಬೇಕೆಂದು ಒತ್ತಾಯಿಸಬೇಕು. ವಧೂವರಾನ್ವೇಷಣೆಯಲ್ಲಿಯೂ ನೆಂಟರ ಮನೆಯಲ್ಲಿಯೂ ‘ಪ್ಯಾಕೇಜ್ ಎಷ್ಟು?’ ಎಂದು ಕೇಳುವ ನಾವು, ‘ಮನೆಗೆ ಬರುವುದು ಎಷ್ಟು ಗಂಟೆಗೆ?’ ಎಂದೂ ಕೇಳಲು ಕಲಿಯಬೇಕು. ನಾವು ಕೇಳದ ಪ್ರಶ್ನೆಯನ್ನು ಕಂಪೆನಿಗಳು ತಾವಾಗಿ ಕೇಳಿಕೊಳ್ಳುವುದಿಲ್ಲ.