ಜಾಲಿಕಾಯಿಗೆ ಅಪ್ಪ ಎಷ್ಟು ಮಂದಿ?

ಬೀಜದುಂಡೆ ಅಭಿಯಾನ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಹುರುಪು. ಕಾಯಿ ಜಗ್ಗಿ ಬಿಟ್ಟಿರೋ ಒಂದು ಮರ ಹುಡುಕೋದು, ಅದರ ಕೆಳಗೇ ಚೀಲ ತುಂಬಿಸಿಕೊಂಡು ಬರೋದು. ಇಷ್ಟೆಲ್ಲ ಸಿಕ್ಕ ಮೇಲೆ ಇನ್ನೊಂದು ಮರಕ್ಕೆ ಯಾಕೆ ಹೋಗ್ಬೇಕು ಅಂತೀರಾ? ಹೋಗ್ಲೇಬೇಕು ಅನ್ನೋದು ನನ್ನ ವಾದ.

ರಾಯಚೂರಿಂದ ಮಾನ್ವಿಗೋ ದೇವದುರ್ಗಕ್ಕೋ ಹೊರಟ್ರೆ ಹೊಲದ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಕರಿಜಾಲಿ ಕಾಣುತ್ತೆ. (ಬಳ್ಳಾರಿ ಜಾಲಿ ಅಲ್ಲ ಮತ್ತೆ! ಅದು ಅಮೆರಿಕ ಖಂಡದಿಂದ ಬಂದ ಬೇರೆ ಗಿಡ. ನೇಗಿಲಿಗೆ, ಬಂಡಿ ಗಾಲಿಗೆ ಒದಗ್ತಿದ್ದದ್ದು ಕರಿಜಾಲಿ.) ಅದರ ಹಳದಿ ಗುಂಡು ಒಂದು ಹೂವಲ್ಲ, ಪುಟಾಣಿ ಹೂಗಳ ದೊಡ್ಡ ಸಂತೆ. ಅದರ ಪರಾಗವೂ ಬಿಡಿಬಿಡಿ ಪುಡಿಯಲ್ಲ. 16 ಕಣ ಒಟ್ಟಿಗೆ ಅಂಟಿಕೊಂಡ ಪೊಟ್ಟಣ, ಪಾಲಿಯಾಡ್ ಅಂತಾರೆ. ಜೇನು ಹೊತ್ತು ತರೋದು ಈ ಪೊಟ್ಟಣಗಳನ್ನೇ. ಹೂವಿನ ಶಲಾಕಾಗ್ರದ ಪುಟ್ಟ ಬಟ್ಟಲಿನಲ್ಲಿ ಸಾಮಾನ್ಯವಾಗಿ ಒಂದೇ ಪೊಟ್ಟಣಕ್ಕೆ ಜಾಗ. ಕಾಯಲ್ಲಿರೋ ಬೀಜಗಳೂ ಹೆಚ್ಚುಕಮ್ಮಿ ಅಷ್ಟರೊಳಗೇ. ಅಂದ್ರೆ ಜೇನಿನ ಒಂದು ಭೇಟಿಗೆ ಇಡೀ ಕಾಯಿಯ ವ್ಯವಹಾರ ಮುಗೀತು! ಮಣಿಸರದ ಹಾಗಿರೋ ಆ ಕಾಯಿಯ ಎಲ್ಲ ಮಣಿಗಳಿಗೂ ಒಬ್ಬಳೇ ತಾಯಿ, ಬಹುತೇಕ ಒಬ್ಬನೇ ಅಪ್ಪ. ಆಸ್ಟ್ರೇಲಿಯಾದ ಒಂದು ಅಕೇಶಿಯಾದಲ್ಲಿ 1991ರಲ್ಲೇ ಬೀಜ ಪರೀಕ್ಷಿಸಿ ಇದನ್ನ ತೋರಿಸಿದ್ದಾರೆ.

ಇದ್ರಿಂದ ಗಿಡಕ್ಕೆ ಲಾಭ ಏನು? ಒಂದೇ ಅಪ್ಪನ ಮಕ್ಕಳಾದ್ರೆ ತಾಯಿ ಕೊಡೋ ಊಟಕ್ಕೆ ಕಿತ್ತಾಟ ಕಡಿಮೆ ಅಂತ 1981ರಲ್ಲಿ ಜಾನ್ ಕ್ರೆಸ್ ವಾದಿಸಿದ್ರು. ಕಾಯೊಳಗಿನ ಈ ದಾಯಾದಿ ಜಗಳದ ಬಗ್ಗೆ 1988ರಲ್ಲಿ ಬರೆದವರಲ್ಲಿ ನಮ್ಮ ಬೆಂಗಳೂರು ಕೃಷಿ ವಿವಿಯ ಆರ್. ಉಮಾಶಂಕರ್ ಮತ್ತು ಕೆ.ಎನ್. ಗಣೇಶಯ್ಯ ಕೂಡ ಇದ್ರು. ಹೌದು, ಕಾದಂಬರಿ ಬರೆಯೋ ಅದೇ ಗಣೇಶಯ್ಯ!

ಈಗ ಬದುವಿನ ಒಂಟಿ ಮರಕ್ಕೆ ಬನ್ನಿ. ಜೇನು ಸಾಮಾನ್ಯವಾಗಿ ಹತ್ತಿರದ ಹೂವಿಂದ ಹತ್ತಿರದ ಹೂವಿಗೆ ಹಾರೋ ಪ್ರಾಣಿ. ಸುತ್ತ ಭತ್ತವೋ ಹತ್ತಿಯೋ ಇದ್ದು, ನೆರೆಯಲ್ಲಿ ಎರಡೇ ಜಾಲಿ ಉಳಿದಿದ್ರೆ ಅಪ್ಪಂದಿರೂ ಹೆಚ್ಚುಕಡಿಮೆ ಅಷ್ಟೇ. ಚೀಲದಲ್ಲಿ ಸಾವಿರ ಬೀಜ ಇರಬಹುದು, ಆದ್ರೆ ಮನೆತನ ಎರಡೋ ಮೂರೋ. ಅವನ್ನೇ ಒಂದು ಗುಡ್ಡಕ್ಕೆಲ್ಲ ಎರಚಿದ್ರೆ ಮುಂದೆ ಅಲ್ಲಿ ಹೂ ಬಿಡೋದು ಅಣ್ಣ-ತಂಗಿಯರೇ. ಬದುವಿನ ಮರ ಕಡಿಯೋವಾಗ ನೆರಳು, ಸೌದೆ ಲೆಕ್ಕ ಹಾಕ್ತೀವಿ, ಪಕ್ಕದ ಮರದ ಗಂಡ ಹೋದ ಅನ್ನೋದು ಯಾರ ಲೆಕ್ಕಕ್ಕೂ ಬರಲ್ಲ.

ದೂರದೂರದ ಹತ್ತಿಪ್ಪತ್ತು ಮರಗಳಿಂದ ಒಂದಿಷ್ಟಿಷ್ಟು ಕಾಯಿ ತನ್ನಿ. ಅಷ್ಟು ತಿರುಗೋಕೆ ಆಗಲ್ಲ ಅನ್ನೋರು ಬೇಸಿಗೇಲಿ ಆಡಿನ ಹಟ್ಟಿಗೆ ಹೋಗಿ. ದಿನವಿಡೀ ಮರಮರದ ಕೆಳಗೆ ಕಾಯಿ ಮೇಯ್ದು ಬಂದಿರ್ತಾವೆ, ಹಿಕ್ಕೆಯಲ್ಲಿ ಬೀಜ ಕಲಸಿಕೊಂಡೇ ಸಿಗುತ್ತೆ :-)