ಒಂದು ಚಿನ್ನದ ಪದಕದ ಭಾರ

ದಕ್ಷಿಣ ಕೊರಿಯದ ಸುವೊನ್ ನಗರದ ಚುಂಗ್ ಹ್ಯೇನನನ್ನು ಬಾಲ್ಯದ ದೃಷ್ಟಿದೋಷವೇ, ಹಸಿರನ್ನು ನೋಡುವುದು ಕಣ್ಣಿಗೆ ಹಿತವೆಂಬ ವೈದ್ಯರ ಸಲಹೆಯ ಮೂಲಕ, ಟೆನಿಸ್ ಅಂಗಣಕ್ಕೆ ಕರೆತಂದಿತು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ, ನಮ್ಮವರೇ ಆದ ಸಾಕೇತ್ ಮೈನೇನಿ ಮತ್ತು ಸನಮ್ ಸಿಂಗರನ್ನು ಜೊತೆಗಾರನೊಡನೆ ಸೋಲಿಸಿ ಅವನು ಗಳಿಸಿದ ಡಬಲ್ಸ್ ಚಿನ್ನವು, ಕೊರಿಯದ ತರುಣರಿಗೆ ಅನಿವಾರ್ಯವಾದ ದೀರ್ಘ ಸೈನಿಕಸೇವೆಯಿಂದ ಅವನಿಗೆ ವಿನಾಯಿತಿಯನ್ನು ದೊರಕಿಸಿತು. ಆ ಬಿಡುವಿನ ಫಲವನ್ನು ಲೋಕವು 2018ರ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯಲ್ಲಿ, ಮೆಲ್ಬರ್ನ್‌ನಲ್ಲಿ ಕಂಡಿತು: ಜೋಕೊವಿಚ್‌ನನ್ನು ನೇರ ಸೆಟ್‌ಗಳಲ್ಲಿ ಪರಾಭವಗೊಳಿಸಿದ ಆ ತರುಣನು, ಅಂಗಾಲಿನಲ್ಲಿ ಬೊಬ್ಬೆಗಳೆದ್ದು ಹೆಜ್ಜೆಯೂರಲಾಗದೆ, ಸೆಮಿಫೈನಲ್‌ನಲ್ಲಿ ಫೆಡರರನೆದುರು ಆಟವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತಾದರೂ, ಅವನ ಸಾಮರ್ಥ್ಯದಲ್ಲಿ ಸಂದೇಹಕ್ಕೆಡೆಯಿರಲಿಲ್ಲ. ಇಂತಹ ಪ್ರತಿಭೆಯ ಭವಿತವ್ಯವು ಹದಿನೆಂಟರ ವಯಸ್ಸಿನಲ್ಲಿ ಒಂದು ಪಂದ್ಯದ ಜಯಾಪಜಯಗಳನ್ನು ಅವಲಂಬಿಸಿರಬೇಕಾದುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಪದಕವೊಂದನ್ನಲ್ಲದೆ ವರ್ಷಗಳ ಸತತ ಸಾಧನೆಯನ್ನು ಕೂಡ ಆ ರಾಷ್ಟ್ರವು ವಿನಾಯಿತಿಗೆ ಪರಿಗಣಿಸಬೇಕು.